ಫ್ಯಾನಿನ ಕೆಳಗೆ ನಿಂತವನು

ತನ್ನ ಗಂಡ ಸಿಗರೇಟು ಮುಟ್ಟಿದವನಲ್ಲ ಎಂದು ಅವಳು ಹೇಳಿದಾಗಲೆಲ್ಲ ಎದುರಿಗಿದ್ದವರ ಮುಖದಲ್ಲಿ ಒಂದೇ ಬಗೆಯ ನಗು ಮೂಡುತ್ತಿತ್ತು. ಹಲ್ಲು ಕಾಣಿಸದ, ಕನಿಕರದ ನಗು. ಮೊದಲು ಹಾಗೆ ನಕ್ಕವರು ಡಾಕ್ಟರು.

"ದಿನಕ್ಕೆ ಎಷ್ಟು ಸೇದ್ತಿದ್ರು?"

"ಒಂದೂ ಇಲ್ಲ."

"ನಿಮ್ಮೆದುರಿಗೆ ಸೇದ್ತಿರಲಿಲ್ಲ ಅನ್ನಿ," ಎಂದು ತಿದ್ದಿ, ತಮಗೆ ಬೇಕಾದ್ದನ್ನು ಬರೆದುಕೊಂಡರು.

ಅವನ ಶ್ವಾಸಕೋಶದ ಚಿತ್ರವನ್ನು ಬೆಳಕಿಗೆ ಹಿಡಿದು ಅವರು ತೋರಿಸಿದಾಗ ಅವಳಿಗೆ ಕಂಡದ್ದು ಮಸಿ ಹಿಡಿದ ಗೋಡೆಯಂಥದ್ದೇನೋ. ಅದಾದ ಮೇಲೆ ಅವನು ಹೆಚ್ಚು ದಿನ ಉಳಿಯಲಿಲ್ಲ. ಕೊನೆಗೆ ನರ್ಸು ಒಂದು ಚೀಲದಲ್ಲಿ ಅವನ ಸಾಮಾನು ತಂದುಕೊಟ್ಟಳು: ಗಡಿಯಾರ, ಬಾಚಣಿಗೆ, ಮನೆಯ ಬೀಗದ ಕೈ, ಸ್ಟೀಲಿನ ಒಂದು ಲೈಟರು. ಹೆಂಡತಿ ಕಾಗದಗಳಿಗೆ ಸಹಿ ಹಾಕಲು ಕೆಳಗೆ ಹೋಗಿದ್ದಳು. ಚೀಲ ಸಿಕ್ಕಿದ್ದು ಅತ್ತೆಯ ಕೈಗೆ. ಮೇಲೆ ಬಂದು ನೋಡಿದರೆ ಅತ್ತೆ ಬೆಂಚಿನ ಮೇಲೆ ಲೈಟರನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು.

"ನನಗೆ ಮಾತು ಕೊಟ್ಟಿದ್ದ," ಎಂದರು. ಅಷ್ಟೇ ಎಂದರು.

ಆ ಮಾತು ಹಳೆಯದು. ಮಾವ ಸತ್ತದ್ದು ಸಿಗರೇಟಿನಿಂದ. ಮಂಚದ ಮೇಲೆ ಕೂತು ಕೆಮ್ಮಿ ಕೆಮ್ಮಿ ಕೊನೆಗೆ ಕೆಮ್ಮುವುದಕ್ಕೂ ಉಸಿರಿಲ್ಲದೆ ಹೋದವರು. ಅವರ ಕಾಲ ಬುಡದಲ್ಲೇ ಅತ್ತೆ ಇಬ್ಬರು ಗಂಡುಮಕ್ಕಳನ್ನೂ ನಿಲ್ಲಿಸಿ, ಇದನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ತಮ್ಮ ಕೈಮೇಲೆ ಕೈ ಇಡಿಸಿಕೊಂಡಿದ್ದರು. ದೊಡ್ಡವನು ತಿಂಗಳು ತುಂಬುವುದರೊಳಗೆ ಮಾತು ಮುರಿದ. ಮುರಿದದ್ದನ್ನು ತಾಯಿಯ ಮುಂದೆಯೇ ಹೊಗೆ ಬಿಟ್ಟು ಹೇಳಿದ. ಅವನ ಮೇಲೆ ಅತ್ತೆಗೆ ಆಸೆಯೂ ಇರಲಿಲ್ಲ, ಬೇಸರವೂ ಉಳಿಯಲಿಲ್ಲ. ಚಿಕ್ಕವನ ಮೇಲೆ ಪ್ರಾಣವಿತ್ತು. ಆ ಪ್ರಾಣಕ್ಕೇ ಈಗ ಪೆಟ್ಟು ಬಿದ್ದಿತ್ತು. ಮಗನಿಗಾಗಿ ಅವರು ಅತ್ತದ್ದು ಅರ್ಧ, ಮಗನ ಮೇಲೆ ಮುನಿಸಿಕೊಂಡದ್ದು ಅರ್ಧ. ಅವನ ಫೋಟೋವನ್ನು ಗೋಡೆಗೆ ಹಾಕಲು ಬಿಡಲಿಲ್ಲ. "ಇರಲಿ, ಪೆಟ್ಟಿಗೇಲೇ ಇರಲಿ," ಎಂದರು.

"ಲೈಟರು ಕೆಲಸದ್ದು ಅತ್ತೆ. ಗಿರಾಕಿಗಳಿಗೆ ಹಚ್ಚಿಕೊಡೋಕೆ," ಎಂದು ಅವಳು ವಿವರಿಸಿದಳು.

"ಗಂಡನ್ನ ಬಿಟ್ಟುಕೊಡಬಾರದು. ಸರಿನೇ," ಎಂದು ಅತ್ತೆ ಮಗ್ಗುಲಾದರು. ಆ ನಗುವೇ. ಅತ್ತೆಯ ಮುಖದ ಮೇಲೂ ಅದೇ ನಗು.

ಅವಳು ಅಳಲಿಲ್ಲ. ನೋಡಲು ಬಂದ ನೆಂಟರು ಅದನ್ನು ಗಮನಿಸಿ ಮೂಗು ಮುರಿದು ಹೋದರು. ಅವಳ ಒಳಗೆ ಏನೋ ಚಳಿಗೆ ಮರಗಟ್ಟಿದ ಬೆರಳಿನ ಹಾಗಿತ್ತು, ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಒಂದು ಜಾಗದಲ್ಲಿ ಮಾತ್ರ ಜೀವ ಉಳಿದಿತ್ತು: ಅವನು ಸೇದುತ್ತಿರಲಿಲ್ಲ ಎಂದು ಯಾರಾದರೂ ಒಬ್ಬರು, ಅದರಲ್ಲೂ ಅತ್ತೆ, ಒಪ್ಪಬೇಕು. ಬೇರೇನೂ ಬೇಕಿರಲಿಲ್ಲ.

*

ಪಬ್ ಭಾವನದು, ಗಂಡನ ಅಣ್ಣನದು. ಉದ್ದನೆಯ ಹಾಲ್, ಗೋಡೆಗುಂಟ ಮೇಜುಗಳು, ಕೊನೆಯಲ್ಲಿ ಕೌಂಟರು. ಕೌಂಟರಿನ ಹಿಂದೆ ಅವಳ ಗಂಡ ಮದುವೆಗೆ ಮೊದಲಿನಿಂದಲೂ ನಿಂತವನು. ಅಲ್ಲಿ ಒಂದು ಪದ್ಧತಿ ಇತ್ತು. ಗಿರಾಕಿ ಸಿಗರೇಟನ್ನು ತುಟಿಗಿಟ್ಟುಕೊಂಡ ಮೇಲೆ ಅವನ ಕೈ ಜೇಬಿಗೆ ಹೋಗುವ ಮೊದಲೇ ಕಿಡಿ ಮುಂದೆ ಬಂದಿರಬೇಕು. "ಗಿರಾಕಿ ಜೇಬು ತಡಕಿದ ಅಂದ್ರೆ ನಮ್ಮ ಮಾನ ಹೋಯ್ತು ಅಂತ ತಿಳ್ಕೋ," ಎಂಬುದು ಭಾವನ ಪಾಠ. ಅವಳ ಗಂಡ ಬಲಗೈಯಲ್ಲಿ ಗ್ಲಾಸಿಗೆ ಸುರಿಯುತ್ತಲೇ ಎಡಗೈಯಲ್ಲಿ ಲೈಟರು ಹಚ್ಚುವುದನ್ನು ಕಲಿತ. ಊರೆಲ್ಲ ಅದನ್ನು ಹೊಗಳಿ ಅವನನ್ನು ಅಟ್ಟಕ್ಕೇರಿಸಿತ್ತು. ಮದುವೆಯ ಹೊಸತರಲ್ಲಿ ಅಡುಗೆಮನೆಯಲ್ಲಿ ಅವಳಿಗೂ ಮಾಡಿ ತೋರಿಸಿದ್ದ: ಒಂದು ಕೈಯಲ್ಲಿ ಹಾಲು ಬಗ್ಗಿಸುತ್ತ, ಇನ್ನೊಂದರಲ್ಲಿ ಒಲೆ ಹಚ್ಚುತ್ತ. ಒಂದು ಹನಿ ಚೆಲ್ಲಲಿಲ್ಲ.

ಆಮೇಲೆ ಫ್ಯಾನು ಬಂತು. ಹೊಗೆಯಿಂದ ಹೆಂಗಸರು ಮಕ್ಕಳು ಊಟಕ್ಕೆ ಬರುತ್ತಿಲ್ಲ ಎಂದು ಭಾವ ಹೊಗೆ ಎಳೆಯುವ ದೊಡ್ಡ ಫ್ಯಾನೊಂದನ್ನು ತರಿಸಿದ. ಎಲ್ಲಿ ಕೂರಿಸುವುದು? ಮುಂದಿನ ಗೋಡೆ ಪೂರ್ತಿ ಗಾಜು, ಮೇಲೆ ದೀಪದ ಬೋರ್ಡು. ಎಡಕ್ಕೆ ದರ್ಜಿಯ ಅಂಗಡಿ, ಅವನು ತನ್ನ ಬಟ್ಟೆಗೆ ಹೊಗೆ ಬಡಿಯುತ್ತದೆ ಎಂದ. ಬಲಕ್ಕೆ ಕಟ್ಟಡದ ಮಾಲೀಕನ ಮನೆ. ಉಳಿದದ್ದು ಕೌಂಟರಿನ ಹಿಂದಿನ ಗೋಡೆ, ಅದರಾಚೆ ಓಣಿ. ಮೇಲೆ ಬಾಟಲಿ ಇಡುವ ಅಟ್ಟವಿದ್ದುದರಿಂದ ಅಲ್ಲೂ ಎತ್ತರಕ್ಕೆ ಹಾಕುವಂತಿರಲಿಲ್ಲ. ಅಟ್ಟದ ಕೆಳಗೆ, ನಿಂತವನ ಕಿವಿಯ ಮಟ್ಟಕ್ಕೆ ಗೋಡೆ ಕೊರೆದರು. ಕೊರೆಯುವಾಗ ಫ್ಯಾನನ್ನು ಎದೆಗಾನಿಸಿ ಹಿಡಿದು ನಿಂತವನು ಅವಳ ಗಂಡನೇ. ಆವತ್ತು ಮನೆಗೆ ಬಂದು ಎಷ್ಟು ಹಿಗ್ಗಿದ್ದ! "ಹಾಲ್‌ನಲ್ಲಿ ಒಂಚೂರೂ ಹೊಗೆ ಇಲ್ಲ ಕಣೇ. ಎಲ್ಲಾನೂ ಎಳ್ಕೊಂಡ್ಬಿಡುತ್ತೆ, ಬಂದು ನೋಡು."

ಎಳೆದುಕೊಳ್ಳುತ್ತಿತ್ತು. ಇಡೀ ಹಾಲಿನ ಹೊಗೆ ಕೌಂಟರು ದಾಟಿ, ಅವನ ಮುಖ ಸವರಿಕೊಂಡು ಓಣಿಗೆ ಹೋಗುತ್ತಿತ್ತು. ಅದು ಯಾರಿಗೂ ಹೊಳೆಯಲಿಲ್ಲ. ಅವನಿಗೂ ಹೊಳೆಯಲಿಲ್ಲ.

ಮನೆಗೆ ಬಂದವನು ಬಾಲ್ಕನಿಯಲ್ಲೇ ಅಂಗಿ ಕಳಚಿ ನೇತುಹಾಕಿ, ನೇರ ಬಚ್ಚಲಿಗೆ ಹೋಗಿ, ಮಿಂದು ಬಂದು ತಟ್ಟೆಯ ಮುಂದೆ ಕೂರುತ್ತಿದ್ದ. ಅತ್ತೆಗೆ ಕಣ್ಣು ಮಂಜು. ಜನರನ್ನು ಹೆಜ್ಜೆಯಿಂದ, ವಾಸನೆಯಿಂದ ಗುರುತಿಸುತ್ತಿದ್ದರು. ಅವನು ಇನ್ನೂ ಮೆಟ್ಟಿಲಲ್ಲಿರುವಾಗಲೇ ಬಾಗಿಲ ಪಕ್ಕದ ಮಂಚದಿಂದ, "ಬಂದ್ಯಾ ಮರೀ?" ಎನ್ನುವರು. ಆ ವಾಸನೆ ಎಲ್ಲಿಯದು ಎಂದು ಅವರು ಆಗ ಕೇಳಲಿಲ್ಲ, ಪಬ್ಬಿನದು ಎಂದುಕೊಂಡಿದ್ದರು. ಲೈಟರು ಕೈಗೆ ಸಿಕ್ಕ ಮೇಲೆ, ಅಷ್ಟು ವರ್ಷ ಮಗ ತಮ್ಮ ಕಣ್ಣಿನ ಮಂಜನ್ನು ಉಪಯೋಗಿಸಿಕೊಂಡ ಎಂದು ಅವರಿಗೆ ಎನಿಸಿತು.

ಅವಳಿಗೆ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ಹಂಗಾಮಿ ಕೆಲಸವಿತ್ತು. ಆಸ್ಪತ್ರೆಯ ಓಡಾಟದಲ್ಲಿ ಅದು ಕೈತಪ್ಪಿತು. "ಬೇರೆ ಸಿಗೋ ತನಕ ನಮ್ಮಲ್ಲೇ ಇರು ತಾಯಿ, ಮನೆ ಹುಡುಗಿ ನೀನು," ಎಂದು ಭಾವ ಗ್ಲಾಸು ತೊಳೆಯುವ ಕೆಲಸ ಕೊಟ್ಟ. ಕೌಂಟರಿನ ಪಕ್ಕದ ಸಣ್ಣ ಕೋಣೆ, ಒಂದು ಸಿಂಕು, ಹಾಲಿನ ಕಡೆಗೆ ಗ್ಲಾಸು ದಾಟಿಸುವ ಒಂದು ಕಿಂಡಿ. ಆ ಕಿಂಡಿಯಿಂದ ನೋಡಿದರೆ ಗಂಡ ನಿಲ್ಲುತ್ತಿದ್ದ ಜಾಗ ಕಾಣುತ್ತಿತ್ತು. ಮೊದಲ ದಿನ ಗ್ಲಾಸು ಉಜ್ಜುತ್ತ ಹಿಂದಕ್ಕೆ ತಿರುಗಿ ನೋಡಿದಾಗ ಅವಳಿಗೆ ಹೊಗೆ ಕಂಡಿತು: ಮೇಜುಗಳಿಂದ ಎದ್ದು, ಯಾರೋ ಕರೆದ ಹಾಗೆ ತಿರುಗಿ, ಒಟ್ಟಾಗಿ ಆ ಜಾಗಕ್ಕೆ ಬರುತ್ತಿತ್ತು. ಅಲ್ಲಿ ಈಗ ಬೇರೊಬ್ಬ ನಿಂತಿದ್ದ. ಕಣ್ಣು ಉಜ್ಜಿಕೊಳ್ಳುತ್ತಿದ್ದ.

*

ಆಗಲೇ ನಗರಸಭೆಯವರು ಪಬ್ಬು, ಬಸ್‌ನಿಲ್ದಾಣ, ಉದ್ಯಾನ ಎಲ್ಲ ಕಡೆ ಸೇದುವುದನ್ನು ನಿಲ್ಲಿಸುವ ಮಾತೆತ್ತಿದ್ದು. ಠರಾವು ಮಾಡುವ ಮೊದಲು ಊರವರ ಅಭಿಪ್ರಾಯ ಕೇಳುತ್ತೇವೆ ಎಂದು ಸಭೆ ಕರೆದರು.

ಭಾವ ಸಿಂಕಿನ ಹತ್ತಿರ ಬಂದು ನಿಂತ. "ನೀನು ಓದಿದೋಳು. ನಾಲ್ಕು ಮಾತು ಬರ್ದು ಅಲ್ಲಿ ಓದ್ಬಿಡು. ನನ್ನ ಗಂಡ ದುಡಿದ ಜಾಗ, ನಮ್ಮನೆ ಅನ್ನ ಇದೇ, ಮುಚ್ಚಿಸಬೇಡಿ ಅಂತ. ನಾನು ಹೇಳಿದ್ರೆ ಹೊಟ್ಟೆಪಾಡು ಅಂತಾರೆ. ನೀನು ಹೇಳಿದ್ರೆ ಕೇಳ್ತಾರೆ."

"ಅವರು ಯಾವುದರಿಂದ ಹೋದ್ರು ಅಂತ ಕೇಳಿದ್ರೆ?"

"ಹಣೆಬರಹ ಅನ್ನು," ಎಂದ ಭಾವ. ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. "ನನ್ನ ತಮ್ಮ ಕಣಮ್ಮ ಅವನು. ಗುಟ್ಟಾಗಿ ಸೇದ್ತಿದ್ದ, ನಾನು ಗದರಿಸಿದ್ರೆ ಬಿಡ್ತಿದ್ನೋ ಏನೋ. ಅದೇ ನನಗೆ ನೋವು."

ನೋವು ಸುಳ್ಳಲ್ಲ. ಅದೇ ಅವಳಿಗೆ ಬೇಜಾರು.

ಮಾರನೆಯ ದಿನ ಮನೆಗೆ ಹೆಡ್‌ಮಿಸ್ ಬಂದರು. ನಿವೃತ್ತ ಮುಖ್ಯೋಪಾಧ್ಯಾಯಿನಿ, ನಿಷೇಧ ಬೇಕೆನ್ನುವವರ ಮುಂದಾಳು. ಊರಿನ ಅರ್ಧ ಜನರ ಕಿವಿ ಹಿಂಡಿದವರು. ಅತ್ತೆ ಕೂಡ ಅವರ ಮುಂದೆ ಎದ್ದು ಕೂತರು.

"ಅಂಕಿಅಂಶ ಯಾರ ತಲೆಗೂ ಹೋಗಲ್ಲ ಮಗು. ನೀನು ನಿಂತ್ಕೊಂಡು, ನನ್ನ ಗಂಡ ಸೇದಿ ಸೇದಿ ಈ ವಯಸ್ಸಿಗೇ ಹೋದರು, ನನ್ನ ಗತಿ ನೋಡಿ ಅಂದ್ರೆ ಸಾಕು. ಒಂದು ಫೋಟೋ ಇದ್ರೆ ದೊಡ್ಡದು ಮಾಡಿಸ್ತೀವಿ."

"ಅವರು ಸೇದ್ತಿರಲಿಲ್ಲ ಮಿಸ್."

ಹೆಡ್‌ಮಿಸ್ ಅವಳ ಕೈ ಹಿಡಿದರು. ಅದೇ ನಗು. "ಮುಚ್ಚಿಡೋದರಿಂದ ಯಾರಿಗೆ ಲಾಭ, ಹೇಳು? ನಿನ್ನ ಗಂಡನ ಹೆಸರಿಗಿಂತ ನೂರು ಜನರ ಪ್ರಾಣ ದೊಡ್ಡದಲ್ವಾ?"

ಮಂಚದಿಂದ ಅತ್ತೆ, "ಲೈಟರು ನನ್ನತ್ರ ಇದೆ," ಎಂದರು.

ಹೆಡ್‌ಮಿಸ್ ಹೋದ ಮೇಲೆ ಅವಳು ಬಹಳ ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದಳು. ಅವನ ಕೊನೆಯ ಅಂಗಿ ಇನ್ನೂ ಅಲ್ಲಿನ ಮೊಳೆಯಲ್ಲೇ ನೇತಾಡುತ್ತಿತ್ತು. ಒಗೆದಿರಲಿಲ್ಲ. ಒಬ್ಬರಿಗೆ ಅವನು ಹಣೆಬರಹದಿಂದ ಸಾಯಬೇಕು, ಇನ್ನೊಬ್ಬರಿಗೆ ಚಟದಿಂದ ಸಾಯಬೇಕು. ಅವನು ನಿಜವಾಗಿ ಯಾವುದರಿಂದ ಸತ್ತನೋ ಅದರಿಂದ ಸತ್ತರೆ ಯಾರಿಗೂ ಉಪಯೋಗವಿಲ್ಲ.

*

ನಗರಸಭೆಯ ಹಾಲ್ ತುಂಬಿತ್ತು. ಬಾಗಿಲ ಮೇಲೆ ಧೂಮಪಾನ ಮಾಡಬಾರದು ಎಂಬ ಬೋರ್ಡು; ಅದರ ಕೆಳಗೆ ನಿಂತು ಸದಸ್ಯರಿಬ್ಬರು ಕೊನೆಯ ದಮ್ಮು ಎಳೆದು ಒಳಗೆ ಬಂದರು. ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದಿದ್ದರು. ಅವಳು ಕೈಹಿಡಿದು ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿದಳು.

ಮೊದಲು ಎದ್ದವನು ಊರವರೆಲ್ಲ ಬೆಳ್ಳಿಮೀಸೆ ಎನ್ನುವ ಮುದುಕ. ಬಸ್ಸು ಓಡಿಸುತ್ತಿದ್ದು ನಿವೃತ್ತನಾದವನು, ಪಬ್ಬಿನ ಕಿಟಕಿಯ ಮೇಜು ಅವನಿಗೇ ಮೀಸಲು. ಬಿಳಿ ಮೀಸೆಯ ನಡುವೆ ಮಾತ್ರ ಹೊಗೆ ಹಿಡಿದ ಹಳದಿ.

"ಬಸ್ಸಲ್ಲಿ ಸೇದ್ಬೇಡ ಅಂದ್ರಿ, ಬಿಟ್ಟೆ. ಸಿನಿಮಾದಲ್ಲಿ ಬೇಡ ಅಂದ್ರಿ, ಬಿಟ್ಟೆ. ಮನೇಲಿ ಹೆಂಡ್ತಿ ಬೇಡ ಅಂದ್ಲು, ಬಾಲ್ಕನಿಗೆ ಹೋದೆ. ಬಾಲ್ಕನೀಲಿ ಮೇಲ್ಮನೆಯವರು ಕಿರುಚಿದ್ರು. ಪಬ್ಬೊಂದು ಉಳಿದಿತ್ತು. ಅದೂ ಇಲ್ಲ ಅಂದ್ರೆ ಇನ್ನು ಸ್ಮಶಾನವೇ ಗತಿ ಸ್ವಾಮಿ."

"ಅಲ್ಲಿ ನಿಮ್ಮನ್ನೇ ಹಚ್ತಾರೆ ಬಿಡಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ಗೊಳ್ಳೆಂದಿತು. ಅಧ್ಯಕ್ಷರೂ ಮೇಜು ಕುಟ್ಟುತ್ತಲೇ ನಕ್ಕರು.

"ನಗೋದು ಸುಲಭ," ಎಂದು ಹೆಡ್‌ಮಿಸ್ ಎದ್ದರು. ನಗು ತಟ್ಟನೆ ನಿಂತಿತು, ಹಳೆಯ ಅಭ್ಯಾಸ. "ನಿಮ್ಮ ಸಂತೋಷಕ್ಕೆ ಪಕ್ಕದಲ್ಲಿ ಕೂತವನು ಯಾಕೆ ಕೆಮ್ಮಬೇಕು?"

"ಕೆಮ್ಮೋರು ಬೇರೆ ಮೇಜಿಗೆ ಹೋಗ್ಲಿ!"

"ಗಾಳಿಗೆ ಮೇಜು ಗೊತ್ತಾಗುತ್ತೇನಪ್ಪ? ನಿನ್ನ ಗಣಿತ ಆಗ್ಲೂ ಹೀಗೇ ಇತ್ತು."

ಮತ್ತೆ ನಗು. ಹೀಗೆ ಆ ಕಡೆಯಿಂದೊಂದು ಈ ಕಡೆಯಿಂದೊಂದು ಮಾತು ಬಿದ್ದು, ಸಭೆಗೆ ಒಳ್ಳೆಯ ಕಾಲಕ್ಷೇಪವಾಯಿತು. ಯಾರೂ ಯಾರನ್ನೂ ಒಪ್ಪಿಸುವುದಕ್ಕೆ ಬಂದಿರಲಿಲ್ಲ. ಕೊನೆಗೆ ಹೆಡ್‌ಮಿಸ್, "ಸಿಗರೇಟಿಗೆ ಗಂಡನನ್ನು ಬಲಿಕೊಟ್ಟ ಹೆಣ್ಣುಮಗಳೊಬ್ಬಳು ಇಲ್ಲಿದ್ದಾಳೆ," ಎಂದರು. ಅದೇ ಕ್ಷಣಕ್ಕೆ ಭಾವನೂ, "ನಮ್ಮ ಹುಡುಗಿ ಮಾತಾಡ್ತಾಳೆ," ಎಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಅವಳು ಎದ್ದಳು. ಭಾವನಿಗಾಗಿ ಏನೂ ಬರೆದಿರಲಿಲ್ಲ. ಹೆಡ್‌ಮಿಸ್‌ಗೆ ಫೋಟೋ ಕೊಟ್ಟಿರಲಿಲ್ಲ.

"ನನ್ನ ಗಂಡ ಸಿಗರೇಟಿಂದಲೇ ಹೋದ್ರು. ಆದ್ರೆ ಅವರದ್ದಲ್ಲ. ಅವರು ಒಂದನ್ನೂ ಸೇದಿಲ್ಲ. ಇಲ್ಲಿ ಕೂತಿರೋರು ಸೇದಿದ್ದು."

ಹಾಲಿನಲ್ಲಿ ಕುರ್ಚಿಯೊಂದು ಕಿರುಗುಟ್ಟಿತು.

"ಜೇಬಲ್ಲಿ ಲೈಟರ್ ಇರ್ತಿತ್ತಲ್ಲಮ್ಮ," ಎಂದ ಬೆಳ್ಳಿಮೀಸೆ. ಕುಹಕವಿರಲಿಲ್ಲ, ಸುಮ್ಮನೆ ನೆನಪಿಸುವ ಧಾಟಿ. "ನಾನೇ ಎಷ್ಟು ಸಲ ನೋಡಿದೀನಿ."

"ಯಾವಾಗ ನೋಡಿದ್ರಿ?"

"ನನಗೆ ಹಚ್ಚಿಕೊಡ್ವಾಗ..." ಎಂದವನು ಮೀಸೆಯ ತುದಿ ಹಿಡಿದು ಎಳೆಯತೊಡಗಿದ.

"ಅವರು ಸೇದೋದನ್ನ ಯಾವತ್ತಾದ್ರೂ ನೋಡಿದೀರಾ? ಯಾರಾದ್ರೂ?"

ಅಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತ, "ಸೇದದೆ ಇರೋರು ಬೇರೆ ಕಡೆ ಹೋಗಬಹುದು ಅನ್ನೋದೊಂದು ವಾದ ಇದೆಯಲ್ಲಮ್ಮ," ಎಂದರು.

"ಗಿರಾಕಿ ಹೋಗಬಹುದು ಸರ್. ಕೌಂಟರ್ ಹಿಂದೆ ನಿಂತೋನು ಎಲ್ಲಿಗೆ ಹೋಗ್ಬೇಕು?"

ಭಾವನ ಮುಖ ಕೆಂಪಗಾಗಿತ್ತು. "ನಮ್ಮಲ್ಲಿ ಹೊಗೆಯೇ ನಿಲ್ಲಲ್ಲ ಸ್ವಾಮಿ! ಫ್ಯಾನ್ ಹಾಕಿಸಿದೀನಿ. ಈ ಊರಲ್ಲಿ ಯಾರೂ ಹಾಕ್ಸಿಲ್ಲ. ಹುಡುಗಿ ದುಃಖದಲ್ಲಿದ್ದಾಳೆ, ಏನೋ ಮಾತಾಡ್ತಾಳೆ. ನೀವೇ ಬನ್ನಿ, ಕೂತು ಉಸಿರಾಡಿ ನೋಡಿ."

"ಬರೋಣ," ಎಂದರು ಅಧ್ಯಕ್ಷರು. ಪಬ್ಬಿಗೆ ಹೋಗುವ ಸರ್ಕಾರಿ ಕೆಲಸ ಯಾರಿಗೂ ಭಾರವೆನಿಸಲಿಲ್ಲ.

*

ಬಂದರು. ಭಾವ ನೆಲ ತೊಳೆಸಿ, ಗಾಜು ಒರೆಸಿ, ಮಾಮೂಲಿ ಗಿರಾಕಿಗಳಿಗೆಲ್ಲ "ಧಾರಾಳವಾಗಿ ಸೇದ್ರಪ್ಪ ಇವತ್ತು, ನಮ್ಮ ಫ್ಯಾನಿನ ತಾಕತ್ತು ಕಾಣ್ಲಿ," ಎಂದು ಹೇಳಿಟ್ಟಿದ್ದ. ಎಲ್ಲ ಮೇಜಿನಲ್ಲೂ ಕೆಂಡದ ತುದಿಗಳು. ಅತ್ತೆ ಈ ಸಲವೂ ಹಟ ಹಿಡಿದು ಸೊಸೆಯ ಜೊತೆ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಅಧ್ಯಕ್ಷರು ನಡುವಿನ ಮೇಜಿನಲ್ಲಿ ಕೂತು ಮೂಗರಳಿಸಿದರು. ಹೆಡ್‌ಮಿಸ್ ಕರ್ಚೀಪು ಹಿಡಿದೇ ಬಂದವರು, ಸ್ವಲ್ಪ ಹೊತ್ತಿಗೆ ಅದನ್ನು ಇಳಿಸಿದರು.

"ಪರವಾಗಿಲ್ವಲ್ರೀ. ನಮ್ಮ ಆಫೀಸಿಗಿಂತ ಚೆನ್ನಾಗಿದೆ," ಎಂದರು ಅಧ್ಯಕ್ಷರು.

"ನಾನೇನಂದೆ!" ಭಾವ ಎದೆಯುಬ್ಬಿಸಿದ.

ಅವಳು ಸಿಂಕಿನ ಕೋಣೆಯಿಂದ ಹೊರಬಂದಳು. ಕೈ ಒರೆಸಿಕೊಂಡು ಕೌಂಟರಿನ ಹಲಗೆ ಎತ್ತಿ ಹಿಡಿದಳು.

"ಸರ್, ಒಂದ್ನಿಮಿಷ ಈ ಕಡೆ ಬನ್ನಿ. ಅವರು ನಿಲ್ತಿದ್ದ ಕಡೆ."

ಅಧ್ಯಕ್ಷರು ನಗುತ್ತಲೇ ಒಳಗೆ ಬಂದು ನಿಂತರು. ಗಿರಾಕಿಯತ್ತ ಗ್ಲಾಸು ನೀಡುವವನ ಹಾಗೆ ಕೈ ಚಾಚಿ ತಮಾಷೆಯನ್ನೂ ಮಾಡಿದರು. ಅಷ್ಟರಲ್ಲಿ ಕಿಟಕಿಯ ಬಳಿ ಬೆಳ್ಳಿಮೀಸೆ ಬಿಟ್ಟ ಹೊಗೆ ಮೇಲೆದ್ದಿತು. ಸ್ವಲ್ಪ ತಡೆದು, ಬಾಗಿ, ಉಳಿದ ಮೇಜುಗಳ ಹೊಗೆಯನ್ನೂ ಜೊತೆಗೆ ಕಟ್ಟಿಕೊಂಡು, ಅಟ್ಟದ ಕೆಳಗೆ ತೂರಿ ಬಂತು. ಆವತ್ತು ಅದು ಎಲ್ಲರಿಗೂ ಕಂಡಿತು. ಹಾಲಿನ ಉದ್ದಕ್ಕೂ ಮಾಸಲು ಬಟ್ಟೆಯೊಂದನ್ನು ಎಳೆದಂತೆ. ಅಧ್ಯಕ್ಷರ ನಗು ಅರ್ಧಕ್ಕೇ ನಿಂತಿತು. ಕಣ್ಣು ಮುಚ್ಚಿದರು, ಕೆಮ್ಮಿದರು, ಕನ್ನಡಕ ಕಳಚಿದರು, ಮತ್ತೆ ಕೆಮ್ಮಿದರು.

"ಇನ್ನೂ ಸ್ವಲ್ಪ ಹೊತ್ತು ನಿಲ್ಲಿ ಸರ್," ಎಂದಳು ಅವಳು. "ಅವರು ಮುಚ್ಚೋ ತನಕ ನಿಲ್ತಿದ್ರು."

ಅಧ್ಯಕ್ಷರು ನಿಲ್ಲಲಿಲ್ಲ. ಅವರು ಹೊರಬಂದ ಜಾಗಕ್ಕೆ, ಗೋಡೆ ಹಿಡಿದು ತಡವುತ್ತ, ಅತ್ತೆ ಹೋದರು. ಯಾರೂ ತಡೆಯಲಿಲ್ಲ. ಫ್ಯಾನಿನ ಕೆಳಗೆ ನಿಂತು, ಮುಖವೆತ್ತಿ, ಮೂಗಿನಿಂದ ನಿಧಾನ ಉಸಿರೆಳೆದರು. ಮಂಜುಗಣ್ಣುಗಳಿಂದ ನೀರಿಳಿಯಿತು. ಹೊಗೆಗೋ, ಮತ್ತೊಂದಕ್ಕೋ.

"ಇದೇ," ಎಂದರು. "ಇದು ನನ್ನ ಮಗನ ವಾಸನೆ."

ಆಮೇಲೆ ದನಿ ಸಣ್ಣದಾಯಿತು. "ಇಲ್ಲಿಂದ ಬರ್ತಿತ್ತು. ಅವನಿಂದಲ್ಲ."

ಹಾಲಿನಲ್ಲಿ ಒಬ್ಬೊಬ್ಬರಾಗಿ ಸಿಗರೇಟು ಹೊಸಕಿದರು. ಬೆಳ್ಳಿಮೀಸೆ ಎಲ್ಲರಿಗಿಂತ ಮೊದಲು. ಅವಳು ಅತ್ತೆಯ ತೋಳು ಹಿಡಿದುಕೊಂಡು ಮನೆಗೆ ಕರೆತಂದಳು. ಆವತ್ತೇ ಸಂಜೆ ಅತ್ತೆ ಪೆಟ್ಟಿಗೆ ತೆಗೆಸಿ, ಫೋಟೋ ಒರೆಸಿ, ಮೊಳೆ ಹೊಡೆಯಲು ಹೇಳಿದರು. ಅವಳು ಹೊಡೆದಳು. ಗೋಡೆಯ ಗಾರೆ ಸ್ವಲ್ಪ ಉದುರಿತು. ಎದೆಯೊಳಗೂ ಏನೋ ಉದುರಬಹುದು ಎಂದು ಕಾದಳು. ಇಲ್ಲ.

*

ಠರಾವು ಓದುವ ದಿನ ಅವಳು ಹೋದಳು. ಬಸ್‌ನಿಲ್ದಾಣ, ಆಸ್ಪತ್ರೆ, ಉದ್ಯಾನ, ಶಾಲೆಯ ಸುತ್ತ ನಿಷೇಧ. ಪಬ್ಬುಗಳ ಮಾತು ಬಂದಾಗ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಹೊಗೆ ಎಳೆಯುವ ಫ್ಯಾನು ಇರುವ ಪಬ್ಬುಗಳಿಗೆ ವಿನಾಯಿತಿ. ಆದರೆ ಗಿರಾಕಿಗಳಿಗೆ ಊಟ, ಪಾನೀಯ ಒದಗಿಸುವ ಸ್ಥಳದ ಹಿಂದೆ ಫ್ಯಾನು ಇರತಕ್ಕದ್ದಲ್ಲ. "ಒಂದು ಕಡೆ ಅಳವಡಿಕೆಯ ದೋಷದಿಂದ ಸಿಬ್ಬಂದಿಗೆ ತೊಂದರೆಯಾದದ್ದು ಸಭೆಯ ಗಮನಕ್ಕೆ ಬಂದಿದೆ."

ತೊಂದರೆ. ಅವಳು ಆ ಪದವನ್ನು ಬಾಯೊಳಗೇ ಹೇಳಿ ನೋಡಿದಳು.

ಹೆಡ್‌ಮಿಸ್ ಚಪ್ಪಾಳೆ ತಟ್ಟುತ್ತಿದ್ದರು. "ಅರ್ಧ ಆದ್ರೂ ಸಿಕ್ತಲ್ಲ ಮಗು! ಉದ್ಯಾನ ಸಿಕ್ತು. ಪಬ್ಬಿಗೂ ಒಂದು ನಿಯಮ ಅಂತ ಆಯ್ತು. ನಿನ್ನಿಂದಲೇ."

"ಮಿಸ್, ಅವರು ಸೇದ್ತಿರಲಿಲ್ಲ ಅಂತ ಎಲ್ಲಾದ್ರೂ ಬರ್ದಿದಾರಾ?"

"ಅದನ್ನೆಲ್ಲ ಠರಾವಲ್ಲಿ ಬರೆಯಲ್ಲಮ್ಮ," ಎಂದರು ಹೆಡ್‌ಮಿಸ್, ಬೇಸರವಿಲ್ಲದೆ.

ಹೊರಗೆ ಬೋರ್ಡಿನ ಕೆಳಗೆ ಅಧ್ಯಕ್ಷರು ಸಿಗರೇಟನ್ನು ತುಟಿಗಿಟ್ಟು ಜೇಬು ತಡಕುತ್ತಿದ್ದರು. ಭಾವ ಪಕ್ಕದಲ್ಲಿ ನಿಂತು ತನ್ನ ಜೇಬನ್ನೂ ತಡಕಿ, ಕೈ ಚೆಲ್ಲಿದ. "ನನ್ನ ತಮ್ಮ ಇದ್ದಿದ್ರೆ ನಿಮ್ಮ ಕೈ ಜೇಬಿಗೆ ಹೋಗೋಕೇ ಬಿಡ್ತಿರಲಿಲ್ಲ ಸಾರ್," ಎಂದ. ಅವಳನ್ನು ಕಂಡವನೇ ಹತ್ತಿರ ಬಂದ. "ನೀನಂದಿದ್ದು ಸರಿ ತಾಯಿ. ಪಾಪ, ಅವನು ನಿಂತ ಜಾಗ ಸರಿ ಇರಲಿಲ್ಲ. ನಾಳೇನೇ ಫ್ಯಾನ್ ತೆಗೆಸ್ತೀನಿ."

ತೆಗೆಸಿದ. ಎಲ್ಲಿ ಕೂರಿಸುವುದು? ಮುಂದೆ ಗಾಜು, ಎಡಕ್ಕೆ ದರ್ಜಿ, ಬಲಕ್ಕೆ ಮಾಲೀಕ. ಓಣಿಯ ಕಡೆ ಉಳಿದದ್ದು ಸಿಂಕಿನ ಕೋಣೆಯ ಗೋಡೆ. ಗ್ಲಾಸು ತೊಳೆಯುವ ಜಾಗ ಠರಾವಿನ ಪ್ರಕಾರ ಒದಗಿಸುವ ಸ್ಥಳವಲ್ಲ. ಗ್ಲಾಸು ದಾಟಿಸುವ ಕಿಂಡಿಯನ್ನು ಗಾಳಿ ಆಡಲೆಂದು ಅಗಲ ಮಾಡಿಸಿ, ಎದುರಿನ ಗೋಡೆ ಕೊರೆದು, ಸಿಂಕಿನ ಮೇಲೆ ಫ್ಯಾನು ಕೂರಿಸಿದರು. ನಗರಸಭೆಯವರು ಬಂದು ನೋಡಿ ಸರಿ ಎಂದರು.

ಮಾರನೆಯ ದಿನ ಅವಳು ಕೆಲಸಕ್ಕೆ ಹೋಗಿ ಸಿಂಕಿನ ಮುಂದೆ ನಿಂತಳು. ಬೆನ್ನಿಗೆ ಕಿಂಡಿ, ಮುಖಕ್ಕೆ ಫ್ಯಾನು. ಹಾಲಿನಲ್ಲಿ ನಗುವಿತ್ತು, ಯಾರೋ ಬೆಳ್ಳಿಮೀಸೆಯನ್ನು ಛೇಡಿಸುತ್ತಿದ್ದರು. ಅವನು ಮತ್ತೆ ಹಚ್ಚಿದ್ದ. ಹೊಗೆ ಅವಳ ಹೆಗಲ ಮೇಲಿಂದ, ಕೂದಲ ನಡುವಿನಿಂದ, ಆತುರವಿಲ್ಲದೆ ಹಾದುಹೋಗುತ್ತಿತ್ತು. ಅವಳು ಗ್ಲಾಸುಗಳನ್ನೆಲ್ಲ ತೊಳೆದಳು. ಬೋರಲು ಹಾಕಿದಳು. ಹೊತ್ತಾದ ಮೇಲೆ ಮನೆಗೆ ನಡೆದಳು.

ಮೆಟ್ಟಿಲು ಹತ್ತುತ್ತಿದ್ದಾಗಲೇ ಒಳಗಿನಿಂದ ದನಿ ಬಂತು.

"ಬಂದ್ಯಾ ಮರೀ?"

ಅವಳ ಕಾಲು ಅಲ್ಲೇ ನಿಂತಿತು. ಸೆರಗನ್ನು ಮೂಗಿಗೆ ಹಿಡಿದಳು. ಬಾಲ್ಕನಿಯ ಅಂಗಿಯಲ್ಲಿ ದಿನದಿನಕ್ಕೆ ಸವೆಯುತ್ತಿದ್ದ ವಾಸನೆ ಈಗ ಅವಳ ಮೈಯಲ್ಲಿ ಹೊಸದಾಗಿ, ದಟ್ಟವಾಗಿ ಇತ್ತು. ಅವನು ಹೋದ ಮೇಲೆ ಮೊದಲ ಬಾರಿ ಅವಳ ಕಣ್ಣು ತುಂಬಿತು. ಮೆಟ್ಟಿಲ ಮೇಲೆ ಕೂತಳು. ಬಾಗಿಲ ಹತ್ತಿರದ ಮಂಚದಲ್ಲಿ ಅತ್ತೆ ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು.

"ನಾನು, ಅತ್ತೆ," ಎಂದಳು.

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ, "ಸ್ನಾನ ಮಾಡ್ಕೊಂಡ್ ಬಾ. ಊಟ ಮಾಡೋಣ," ಎಂದರು. ಅವನಿಗೆ ಹೇಳುತ್ತಿದ್ದ ಮಾತೇ.

ತಟ್ಟೆಯ ಮುಂದೆ ಕೂತಾಗ, "ಫ್ಯಾನು ಎಲ್ಲಿ ಹಾಕಿದಾನೆ?" ಎಂದು ಕೇಳಿದರು. ಅವಳು ಹೇಳಿದಳು. ಅತ್ತೆ ತುತ್ತನ್ನು ತಟ್ಟೆಗೇ ಇಳಿಸಿದರು. "ನಾಳೆಯಿಂದ ಹೋಗ್ಬೇಡ. ನಮ್ಮಿಬ್ಬರ ಹೊಟ್ಟೆ ಎಷ್ಟು ದೊಡ್ಡದು? ನಾಲ್ಕು ಮಕ್ಕಳಿಗೆ ಪಾಠ ಹೇಳು."

ಅವಳು ಹೋಗಲಿಲ್ಲ. ಮೂರನೆಯ ದಿನ ಭಾವ ತಾನೇ ಮನೆಗೆ ಬಂದ. ಗೋಡೆಯ ಮೇಲೆ ತಮ್ಮನ ಫೋಟೋ ನೋಡಿ ಕೈಜೋಡಿಸಿದ. ಕೂರಲಿಲ್ಲ.

"ಏನಮ್ಮ, ಮೈಗೆ ಹುಷಾರಿಲ್ವಾ? ಗ್ಲಾಸೆಲ್ಲ ರಾಶಿ ಬಿದ್ದಿದೆ."

"ನಾನು ಇನ್ನು ಬರಲ್ಲ ಭಾವ. ಬೇಕಾದ್ರೆ ನೀವು ಒಂದು ದಿನ ಆ ಸಿಂಕಿನ ಮುಂದೆ ನಿಂತ್ಕೊಂಡು ನೋಡಿ."

"ಶುರು ಮಾಡಿದ್ಯಾ ಮತ್ತೆ?" ಎಂದು ಭಾವ ನಿಟ್ಟುಸಿರು ಬಿಟ್ಟ. "ನಿಯಮದ ಪ್ರಕಾರ ಇದೆ ತಾಯಿ ಈಗ. ಅಧ್ಯಕ್ಷರೇ ಒಪ್ಪಿದಾರೆ. ನಿನ್ನ ಮಾತು ಕೇಳಿ ತಾನೇ ಅಷ್ಟು ಖರ್ಚು ಮಾಡಿದ್ದು? ಸರಿ, ನಿನ್ನಿಷ್ಟ. ಸಿಂಕಿಗೆ ಜನ ಸಿಗ್ತಾರೆ. ಆಗ್ಲೇ ಒಬ್ಬಾಕೆ ಬಂದು ಕೇಳಿದ್ಲು. ಹೊಗೆ ಇರುತ್ತೆ ನೋಡಮ್ಮ ಅಂದೆ, ನಾನೇನೂ ಮುಚ್ಚಿಡಲಿಲ್ಲ. ಅಭ್ಯಾಸ ಇದೆ ಬಿಡಿ, ನಮ್ಮನೆಯವರೂ ಸೇದ್ತಾರೆ ಅಂದ್ಲು."

ಅತ್ತೆ ಮಂಚದಿಂದ ಇಳಿದರು. ದಿಂಬಿನ ಕೆಳಗೆ ಕೈ ಹಾಕಿ ಲೈಟರು ತೆಗೆದರು. ತಡವುತ್ತ ಬಂದು ದೊಡ್ಡ ಮಗನ ಕೈ ಹುಡುಕಿ, ಬೆರಳು ಬಿಡಿಸಿ, ಅಂಗೈಯಲ್ಲಿ ಅದನ್ನಿಟ್ಟು, ಬೆರಳುಗಳನ್ನು ಒಂದೊಂದಾಗಿ ಮುಚ್ಚಿದರು.

"ಇದು ನಿನ್ನ ಅಂಗಡೀದು. ನನ್ನ ಮಗನದ್ದಲ್ಲ. ತಗೊಂಡ್ಹೋಗು."

ಭಾವ ತಾಯಿಯ ಮುಖ ನೋಡಿದ. ಕೈ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಹೆಬ್ಬೆರಳು ಚಕ್ರವನ್ನು ಹುಡುಕಿ ತಿರುಗಿಸಿತು. ಒಂದೇ ಸಲಕ್ಕೆ ಹತ್ತಿಕೊಂಡಿತು. ಸಣ್ಣ, ನೆಟ್ಟಗಿನ, ನೀಲಿ ಬುಡದ ಜ್ವಾಲೆ.

"ಇನ್ನೂ ಚೆನ್ನಾಗಿದೆ," ಎಂದ ಭಾವ. ಮುಚ್ಚಳ ಟಪ್ಪೆಂದು ಮುಚ್ಚಿ, ಜೇಬಿಗೆ ಹಾಕಿಕೊಂಡು, ಮೆಟ್ಟಿಲಿಳಿದು ಹೋದ.